ಎರಡೂವರೆ ಗ್ರಾಂ ಪೊಟ್ಯಾಸಿಯಂ

ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಎಳನೀರು ಕೊಡಬೇಡಿ ಎಂದರೆ ಮನೆಯವರಿಗೆ ನಂಬುವುದೇ ಕಷ್ಟ. ಜ್ವರ ಬಂದರೆ ಎಳನೀರು, ಸುಸ್ತಾದರೆ ಎಳನೀರು, ಆಸ್ಪತ್ರೆಗೆ ನೋಡಲು ಹೋದರೂ ಎಳನೀರು. ಅದು ಹೃದಯಕ್ಕೆ ಏನು ಮಾಡೀತು?

ದೊಡ್ಡವರ ಮೈಯಲ್ಲಿ ಸುಮಾರು 130 ಗ್ರಾಂ ಪೊಟ್ಯಾಸಿಯಂ ಇರುತ್ತದೆ. ಅದರಲ್ಲಿ ಶೇ. 98ರಷ್ಟು ಜೀವಕೋಶಗಳ ಒಳಗೇ ಇದೆ. ರಕ್ತದ ನೀರು, ಕೋಶಗಳ ಸುತ್ತಲಿನ ನೀರು ಎಲ್ಲಾ ಸೇರಿಸಿದರೂ ಹೊರಗಿರುವುದು ಎರಡೂವರೆ ಗ್ರಾಂ ಆಸುಪಾಸು ಮಾತ್ರ. ಒಂದು ಲೋಟ ಎಳನೀರಿನಲ್ಲಿ ಸುಮಾರು ಅರ್ಧ ಗ್ರಾಂ ಪೊಟ್ಯಾಸಿಯಂ ಇರುತ್ತದೆ. ಅಂದರೆ ಹೊರಗಿರುವುದರ ಐದನೇ ಒಂದು ಪಾಲು! ಕಿಡ್ನಿ ಚೆನ್ನಾಗಿದ್ದರೆ ಚಿಂತೆಯಿಲ್ಲ. ಇನ್ಸುಲಿನ್ ಅದನ್ನು ಕೋಶದೊಳಕ್ಕೆ ಸೇರಿಸುತ್ತದೆ, ಕಿಡ್ನಿ ಹೆಚ್ಚಾದದ್ದನ್ನು ಮೂತ್ರದಲ್ಲಿ ಕಳಿಸುತ್ತದೆ. ಕಿಡ್ನಿ ಕೈಕೊಟ್ಟವರಲ್ಲಿ ಅದು ಹೊರಹೋಗುವ ಮುಖ್ಯ ದಾರಿಯೇ ಮುಚ್ಚಿರುತ್ತದೆ. ಸೋಡಿಯಂ ಕಡಿಮೆ ಇರುವ ಉಪ್ಪಿನಲ್ಲೂ ಸೋಡಿಯಂ ಜಾಗಕ್ಕೆ ಹಾಕುವುದು ಪೊಟ್ಯಾಸಿಯಂ ಕ್ಲೋರೈಡನ್ನೇ. ಇದು ಕಿಡ್ನಿ ತೊಂದರೆ ಇರುವ ಪ್ರತಿ ಮನೆಯವರಿಗೂ ಗೊತ್ತಿರಬೇಕು.

ಈಗ ಹೃದಯಕ್ಕೆ ಬರೋಣ. ಅದರ ಸ್ನಾಯುಕೋಶದ ಒಳಗೆ ಲೀಟರಿಗೆ ಸುಮಾರು 140 ಮಿಲಿಮೋಲ್ ಪೊಟ್ಯಾಸಿಯಂ, ಹೊರಗೆ ಬರೀ 4. ಈ ಅಂತರವೇ ಹೃದಯದ ಬ್ಯಾಟರಿ. ಪೊಟ್ಯಾಸಿಯಂ ಮೆಲ್ಲಗೆ ಹೊರಗೆ ಸೋರುತ್ತಾ ಕೋಶದ ಒಳಭಾಗವನ್ನು ಮೈನಸ್ 90 ಮಿಲಿವೋಲ್ಟ್‌ನಲ್ಲಿ ನಿಲ್ಲಿಸಿರುತ್ತದೆ. ಸಂದೇಶ ಬಂದ ಕೂಡಲೇ ಸೋಡಿಯಂ ಬಾಗಿಲುಗಳು ತೆರೆಯುತ್ತವೆ, ಸೋಡಿಯಂ ಒಳನುಗ್ಗುತ್ತದೆ, ಮಿಡಿತ ಮುಂದಿನ ಕೋಶಕ್ಕೆ ದಾಟುತ್ತದೆ.

ಹೊರಗಿನ 4 ಎಂಬುದು 7 ಅಥವಾ 8 ಆದರೆ ಅಂತರ ತಗ್ಗುತ್ತದೆ. ಕೋಶ ಮೈನಸ್ 90ಕ್ಕೆ ಇಳಿಯಲಾಗದೆ ಮೇಲೆಯೇ ಉಳಿಯುತ್ತದೆ. ಹಾಗಾದರೆ ಮಿಡಿಯುವುದು ಇನ್ನೂ ಸುಲಭ ಆಗಬೇಕು ಅಲ್ವಾ? ಮೊದಮೊದಲು ಹಾಗೇ ಆಗುತ್ತದೆ. ಆದರೆ ಸೋಡಿಯಂ ಬಾಗಿಲಿಗೆ ಇನ್ನೊಂದು ಚಿಲಕವಿದೆ. ಒಮ್ಮೆ ಬಿದ್ದ ಆ ಚಿಲಕ ಕೋಶ ಪೂರ್ತಿ ಕೆಳಗಿಳಿದರೆ ಮಾತ್ರ ತೆಗೆಯುತ್ತದೆ. ಇಳಿಯದಿದ್ದರೆ ಒಂದೊಂದೇ ಬಾಗಿಲು ಬಂದ್. ಸಂದೇಶ ತೆವಳತೊಡಗುತ್ತದೆ.

ಇಸಿಜಿಯಲ್ಲಿ ಇದು ಕಾಣುತ್ತದೆ. ಸಾಮಾನ್ಯವಾಗಿ ಮೊದಲು ಬದಲಾಗುವುದು ಟಿ ಅಲೆ, ಅಂದರೆ ಮಿಡಿದ ಹೃದಯ ಮುಂದಿನ ಮಿಡಿತಕ್ಕೆ ಸಜ್ಜಾಗುವಾಗ ಮೂಡುವ ಅಲೆ. ಉಬ್ಬಿದಂತಿರುವ ಆ ಅಲೆ ಗುಡಾರದ ಹಾಗೆ ಎತ್ತರಕ್ಕೆ, ಚೂಪಾಗಿ ಏಳುತ್ತದೆ. ಆಮೇಲೆ ಹೃದಯದ ಮೇಲಿನ ಕೋಣೆಗಳ ಸಂದೇಶ ತೋರಿಸುವ ಪಿ ಅಲೆ ಚಪ್ಪಟೆಯಾಗಿ ಮಾಯವಾಗುತ್ತದೆ. ಕ್ಯೂಆರ್‌ಎಸ್ ಎಂಬ ಕೆಳಗಿನ ಕೋಣೆಗಳ ಅಲೆ ಅಗಲವಾಗುತ್ತಾ ಹೋಗಿ ಟಿ ಜೊತೆ ಬೆರೆತು ಒಂದೇ ಉರುಟು ಅಲೆಯಾಗುತ್ತದೆ. ಅದರ ನಂತರ ಹೃದಯ ಅದುರತೊಡಗಬಹುದು, ಇಲ್ಲವೇ ನಿಂತೇ ಹೋಗಬಹುದು. ಎಲ್ಲರಲ್ಲೂ ಇದೇ ಕ್ರಮ ಇರುವುದಿಲ್ಲ. ಪೊಟ್ಯಾಸಿಯಂ ಜಾಸ್ತಿ ಇದ್ದೂ ಇಸಿಜಿ ಸರಿಯಾಗಿಯೇ ಕಾಣಬಹುದು. ನನ್ನನ್ನು ಹೆದರಿಸುವುದು ಇನ್ನೊಂದು: ಎಷ್ಟೋ ಸಲ ರೋಗಿಗೆ ಏನೂ ಅನ್ನಿಸುವುದೇ ಇಲ್ಲ. ಎದೆನೋವಿಲ್ಲ, ಸ್ವಲ್ಪ ಕೈಕಾಲು ಸೋತಂತೆ, ಅಷ್ಟೇ.

ಆರ್‌ಎಲ್ ಡ್ರಿಪ್ ಕೇಳಿರುತ್ತೀರಿ. ಅದರ 'ಆರ್' ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ ಹೆಸರಿನದು. 1880ರ ದಶಕದಲ್ಲಿ ಅವರು ಕಪ್ಪೆಯ ಹೃದಯವನ್ನು ಬೇರೆ ಬೇರೆ ಲವಣದ ನೀರಿನಲ್ಲಿ ಮಿಡಿಸಿ ನೋಡುತ್ತಿದ್ದರು. ಪೊಟ್ಯಾಸಿಯಂ ಹೆಚ್ಚಾದಾಗ ಮಿಡಿತ ಕುಗ್ಗುತ್ತಿತ್ತು. ಕ್ಯಾಲ್ಸಿಯಂ ಅದಕ್ಕೆ ಎದುರಾಗಿ ಕೆಲಸ ಮಾಡುತ್ತಿತ್ತು.

ಇಂದಿಗೂ ಪೊಟ್ಯಾಸಿಯಂ ಏರಿ ಇಸಿಜಿಯ ಅಲೆಗಳು ಕೆಟ್ಟಿರುವಾಗ ಮೊದಲು ಕೊಡುವುದು ಕ್ಯಾಲ್ಸಿಯಂ ಗ್ಲುಕೋನೇಟ್ ಇಂಜೆಕ್ಷನ್ನನ್ನೇ. ಕೆಲವೇ ನಿಮಿಷದಲ್ಲಿ ಮಾನಿಟರಿನ ಅಗಲ ಅಲೆ ಕಿರಿದಾಗುತ್ತಾ ಬರುತ್ತದೆ. ಆಗ ರಕ್ತ ತೆಗೆದು ನೋಡಿದರೆ ಪೊಟ್ಯಾಸಿಯಂ ಮೊದಲಿದ್ದಷ್ಟೇ ಇರುತ್ತದೆ! ಕ್ಯಾಲ್ಸಿಯಂ ಹೃದಯವನ್ನು ಕಾಯುತ್ತದೆ, ಅದೂ ಅರ್ಧ ಗಂಟೆಯಿಂದ ಒಂದು ಗಂಟೆ. ಅಷ್ಟರೊಳಗೆ ಗ್ಲೂಕೋಸ್ ಜೊತೆ ಇನ್ಸುಲಿನ್ ಕೊಟ್ಟು ಪೊಟ್ಯಾಸಿಯಂ ಅನ್ನು ಕೋಶದೊಳಕ್ಕೆ ಕಳಿಸಬೇಕು, ಪಕ್ಕದಲ್ಲಿ ಡಯಾಲಿಸಿಸ್ ಯಂತ್ರ ಸಿದ್ಧವಾಗಬೇಕು.