ಸುಟ್ಟ ಕಾಡಿನಲ್ಲಿ ಮರ ಕಡಿಯುವವರ ಅಪಾಯ

2020ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಆರೆಗಾನ್ ರಾಜ್ಯದ ಕ್ಯಾಸ್ಕೇಡ್ ಪರ್ವತಗಳ ಪಶ್ಚಿಮ ಇಳಿಜಾರಿನಲ್ಲಿ, ಒಣ ಮೂಡಣ ಗಾಳಿಗೆ ಸಿಕ್ಕ ಕಾಡ್ಗಿಚ್ಚು ಲಕ್ಷಾಂತರ ಎಕರೆ ಕಾಡನ್ನು ಸುಟ್ಟಿತು. ಬೆಂಕಿ ಆರಿದ ಮೇಲೆ, ರಸ್ತೆಬದಿಯ ಮರಗಳನ್ನು ತೆರವುಗೊಳಿಸಲು ಮತ್ತು ಉಳಿದ ದಿಮ್ಮಿಗಳನ್ನು ಸಾಗಿಸಲು ಮರ ಕಡಿಯುವವರು ಅಲ್ಲಿಗೆ ಹೋದರು. ಸುಡದ ಕಾಡಿನಲ್ಲಿಯೂ ಇದು ಸುಲಭದ ಕಸುಬಲ್ಲ: 2022ರಲ್ಲಿ ಆ ದೇಶದಲ್ಲಿ ಪ್ರತಿ ಲಕ್ಷ ಮರಕಡಿತದ ಕೆಲಸಗಾರರಿಗೆ ಸುಮಾರು 100 ಮಂದಿ ದುಡಿಮೆಯಲ್ಲಿಯೇ ಸತ್ತರು, ಎಲ್ಲ ಕಸುಬುಗಳ ಸರಾಸರಿ 4ಕ್ಕೂ ಕಡಿಮೆ.

ದೊಡ್ಡ ಮರವನ್ನು ಉರುಳಿಸುವವರು ಅದು ಬೀಳಬೇಕಾದ ಬದಿಯಲ್ಲಿ ಮೊದಲು ಕಚ್ಚು ತೆಗೆದು, ಹಿಂದಿನಿಂದ ಕೊಯ್ಯುತ್ತ ಬಂದು, ನಡುವೆ ತೆಳುವಾದ ಒಂದು ಪಟ್ಟಿಯನ್ನು ಹಾಗೆಯೇ ಬಿಡುತ್ತಾರೆ. ಮರ ವಾಲುವಾಗ ಈ ಪಟ್ಟಿಯ ಹಸಿ ನಾರುಗಳು ಬಾಗಿಲಿನ ತಿರುಗಣಿಯಂತೆ ಬಾಗುತ್ತ, ಕಾಂಡವನ್ನು ಹಿಡಿದುಕೊಂಡೇ ಕೆಳಗಿಳಿಸುತ್ತವೆ. ಸುಟ್ಟು ಒಣಗಿದ ಮರದಲ್ಲಿ ನಾರು ಬಾಗದೆ ಲಟಕ್ಕನೆ ಮುರಿಯುತ್ತದೆ. ಬುಡ ಒಳಗೇ ಇದ್ದಿಲಾಗಿದ್ದರಂತೂ ಪಟ್ಟಿ ಬಿಡಲು ಗಟ್ಟಿ ಮರವೇ ಸಿಗುವುದಿಲ್ಲ. ವಾಲಲು ಒಲ್ಲದ ಮರಕ್ಕೆ ಹಿಂದಿನ ಕೊಯ್ತದಲ್ಲಿ ಬೆಣೆ ಹೊಡೆಯುವುದು ವಾಡಿಕೆ. ಆದರೆ ಇಲ್ಲಿ ಒಂದೊಂದು ಏಟಿನ ನಡುಕವೂ ಕಾಂಡದುದ್ದಕ್ಕೂ ಏರಿ, ಮೇಲೆ ಅರೆಬರೆ ಅಂಟಿಕೊಂಡಿರುವ ಕೊಂಬೆಯನ್ನೋ ತುದಿಯನ್ನೋ ಸಡಿಲಿಸುತ್ತದೆ. ಆಗ ಕಡಿಯುವವನ ಕಣ್ಣು ಬೆಣೆಯ ಮೇಲಿರುತ್ತದೆ.

ಕಾಲಡಿಯ ನೆಲವನ್ನೂ ನಂಬುವಂತಿಲ್ಲ. ಬೇರುಗಳು ಮಣ್ಣಿನೊಳಗೆ ವಾರಗಟ್ಟಲೆ ಹೊಗೆಯಾಡುತ್ತ ಸುಟ್ಟು, ಮೇಲೆ ಬೂದಿ ಮುಚ್ಚಿದ ಟೊಳ್ಳುಗಳಾಗುತ್ತವೆ. ಅರಿಯದೆ ಕಾಲಿಟ್ಟವರು ಬಿಸಿ ಕೆಂಡದಲ್ಲಿ ಹೂತುಹೋಗಬಹುದು. ಹೀಗೆ ಬೇರು ಕಳೆದುಕೊಂಡ ಮರ, ತಲೆಯಲ್ಲಿ ಹಸಿರು ಉಳಿದಿದ್ದರೂ, ಗಾಳಿಯಿಲ್ಲದ ದಿನ ಏಕಾಏಕಿ ಉರುಳಬಲ್ಲದು.

ಹಾಗೆಂದು ವರ್ಷಗಟ್ಟಲೆ ಕಾದರೆ, ಕೊರೆಯುವ ಹುಳುಗಳೂ ಶಿಲೀಂಧ್ರಗಳೂ ಚೇಗಿನ, ಅಂದರೆ ಕಾಂಡದ ನಡುವಿನ ಗಟ್ಟಿ ಮರದ, ಹೊರಗಿನ ಮೆದು ಭಾಗವನ್ನು ಕೊಳೆಸಿ, ತುದಿಗಳು ತಾವಾಗಿಯೇ ಮುರಿಯತೊಡಗುತ್ತವೆ. ದಿಮ್ಮಿಯ ಬೆಲೆಗಾಗಿ ಅವಸರಪಡುವ ಮಾಲೀಕನ ಹಿತವೂ ಕಡಿಯುವವನ ಹಿತವೂ ಬಹುಶಃ ಇದೊಂದು ವಿಷಯದಲ್ಲಿ ಕೂಡಿಬರುತ್ತವೆ.

ಅಪಾಯದ ಮರವನ್ನು ಗುರುತಿಸಿ ತೆಗೆಯಬೇಕು, ಇಲ್ಲವೇ ಸಾಮಾನ್ಯವಾಗಿ ಅದರ ಉದ್ದದ 2 ಪಟ್ಟು ದೂರದೊಳಗೆ ಕೆಲಸ ನಡೆಸಬಾರದು ಎನ್ನುತ್ತದೆ ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮ. 50 ಮೀಟರ್ ಮರಕ್ಕೆ ಇದು 100 ಮೀಟರ್. ನಿಂತಿರುವ ಮರಗಳೆಲ್ಲ ಸತ್ತಿರುವ ಕಡೆ ಅಷ್ಟು ತೆರವಾದ ಜಾಗ ಸಿಗುವುದು ವಿರಳವಾದ್ದರಿಂದ, ಕೆಲಸಗಾರನನ್ನು ಉಕ್ಕಿನ ಕ್ಯಾಬಿನ್ನಿನೊಳಗೆ ಕೂರಿಸುವ ಯಂತ್ರಗಳೇ ಹೆಚ್ಚು ಸುರಕ್ಷಿತ. ಕಡಿದಾದ ಇಳಿಜಾರಿನಲ್ಲಿ ಅವು ಜಾರದಂತೆ ಮೇಲಿನಿಂದ ಉಕ್ಕಿನ ಹಗ್ಗ ಬಿಗಿದು ಇಳಿಸುವುದೂ ಉಂಟು. ಯಂತ್ರದ ಹಿಡಿತಕ್ಕೆ ಸಿಗದಷ್ಟು ದಪ್ಪನೆಯ ಮರಗಳನ್ನು ಮಾತ್ರ ಇಂದಿಗೂ ಕೈಯಲ್ಲಿ ಯಂತ್ರಗರಗಸ ಹಿಡಿದ ಮನುಷ್ಯನೇ ಬುಡದಲ್ಲಿ ನಿಂತು ಕೊಯ್ಯುತ್ತಾನೆ.