ಹಡಗಿನ ಕೊಳದಲ್ಲಿ ಉಪ್ಪುನೀರೋ, ಸಿಹಿನೀರೋ?

ಹನ್ನೆರಡು ನಾಟಿಕಲ್ ಮೈಲಿ ಎಂದರೆ ಸುಮಾರು 22 ಕಿಲೋಮೀಟರ್. ಕಡಲ ನೀರನ್ನೇ ತುಂಬಿಸಿಕೊಳ್ಳುವ ಕ್ರೂಸ್ ಹಡಗಿನ ಈಜುಕೊಳಕ್ಕೆ ಇದು ಲಕ್ಷ್ಮಣರೇಖೆ. ದಡದಿಂದ ಅದಕ್ಕಿಂತ ಆಚೆ, ಅದೂ ಹಡಗು ಮುಂದಕ್ಕೆ ಸಾಗುತ್ತಿರುವಾಗ ಮಾತ್ರ, ಸಮುದ್ರದ ನೀರನ್ನು ನೇರವಾಗಿ ಕೊಳಕ್ಕೆ ಹಾಯಿಸಬಹುದು. ಗೆರೆಯ ಒಳಗೆ ಬರುವ ಮೊದಲೇ ವಾಲ್ವ್ ಮುಚ್ಚಬೇಕು. ಆಮೇಲೆ ಕೊಳವನ್ನು ಬರಿದು ಮಾಡಬೇಕು, ಇಲ್ಲವೇ ಇರುವ ನೀರನ್ನೇ ಸೋಸಿ, ಕ್ಲೋರಿನ್ ಬೆರೆಸಿ, ಮತ್ತೆ ಮತ್ತೆ ಸುತ್ತಿಸುತ್ತಿರಬೇಕು. ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ ನಡೆಸುವ ಹಡಗು ನೈರ್ಮಲ್ಯ ಕಾರ್ಯಕ್ರಮದ ನಿಯಮವಿದು. ಅಮೆರಿಕದ ಬಂದರಿಗೆ ಹೋಗುವ ಹಡಗುಗಳಿಗಷ್ಟೇ ಇದು ಕಡ್ಡಾಯ. ಆದರೆ ಒಂದೇ ಹಡಗು ಈ ಋತುವಿನಲ್ಲಿ ಕೆರಿಬಿಯನ್, ಮುಂದಿನ ಋತುವಿನಲ್ಲಿ ಇನ್ನೊಂದು ಕಡಲು ಎಂದು ತಿರುಗುವುದರಿಂದ ಅನೇಕ ಕಂಪನಿಗಳಿಗೆ ಎಲ್ಲೆಡೆ ಇದೇ ಅಳತೆಗೋಲು. ಪಣಂಬೂರಿನ ನವಮಂಗಳೂರು ಬಂದರಿಗೆ ಬರುವ ಹಡಗು ಇದನ್ನು ಪಾಲಿಸುವುದಾದರೆ, ದಡದ ತೆಂಗಿನ ಮರಗಳು ಒಂದೊಂದಾಗಿ ಕಾಣತೊಡಗುವ ಎಷ್ಟೋ ಮೊದಲೇ ಕೊಳದ ವಾಲ್ವ್ ಮುಚ್ಚಿರಬೇಕು.

ದಡದ ಹತ್ತಿರ ಏನು ತೊಂದರೆ? ನದಿಗಳು ತರುವ ಕೊಳಚೆ, ಊರಿನ ಚರಂಡಿ, ಬಂದರಿನ ಎಣ್ಣೆ, ಎಲ್ಲವೂ ಅಲ್ಲೇ ಬೆರೆಯುವುದು. ಹಾಗಾದರೆ ಹಡಗು ಚಲಿಸುತ್ತಲೇ ಇರಬೇಕೇಕೆ? ಅಂತರರಾಷ್ಟ್ರೀಯ ನಿಯಮದ ಪ್ರಕಾರ, 12 ಮೈಲಿ ದಾಟಿ ಕನಿಷ್ಠ 4 ನಾಟ್ (ಗಂಟೆಗೆ 4 ನಾಟಿಕಲ್ ಮೈಲಿ) ವೇಗದಲ್ಲಿ ಹೋಗುವ ಹಡಗು ತನ್ನ ಶೌಚದ ನೀರನ್ನು ಕಡಲಿಗೆ ಬಿಡಬಹುದು. ನಿಂತ ಹಡಗಾದರೆ ತಾನು ಬಿಟ್ಟ ನೀರನ್ನು ತಾನೇ ಎಳೆದುಕೊಳ್ಳುವ ಅಪಾಯವಿದೆ. ಸಾಗುವ ಹಡಗು ಅದನ್ನು ಹಿಂದೆ ಬಿಟ್ಟು ಹೋಗುತ್ತದೆ.

‘ಸಾಲ್ಟ್‌ವಾಟರ್ ಪೂಲ್’ ಎಂಬ ಮಾತಿನಲ್ಲಿ ಒಂದು ಗೊಂದಲವಿದೆ, ಅದನ್ನು ಮೊದಲು ಬಿಡಿಸಿಕೊಳ್ಳಬೇಕು. ಊರಿನ ಹೋಟೆಲ್, ರೆಸಾರ್ಟ್‌ಗಳಲ್ಲಿ ಈ ಹೆಸರಿನಿಂದ ಕರೆಯುವ ಕೊಳದಲ್ಲಿ ಲೀಟರಿಗೆ 3ರಿಂದ 4 ಗ್ರಾಂ ಉಪ್ಪು ಇರುತ್ತದೆ. ಆ ಉಪ್ಪುನೀರಿಗೆ ವಿದ್ಯುತ್ ಹಾಯಿಸಿ ಅಲ್ಲೇ ಕ್ಲೋರಿನ್ ತಯಾರಿಸುತ್ತಾರೆ, ಅಷ್ಟೇ. ಅದು ಕ್ಲೋರಿನ್ ಕೊಳವೇ, ಕ್ಲೋರಿನ್ ಡಬ್ಬಿಯಲ್ಲಿ ಬರುವ ಬದಲು ಪೈಪಿನಲ್ಲೇ ಹುಟ್ಟುತ್ತದೆ. ಸಮುದ್ರದ ನೀರಿನಲ್ಲಾದರೋ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, ಅಂದರೆ ಅದರ ಹತ್ತು ಪಟ್ಟು. ನಮ್ಮ ಕಣ್ಣೀರಿನ ಉಪ್ಪು ಲೀಟರಿಗೆ 9 ಗ್ರಾಂ ಆಸುಪಾಸು. ಕಡಲ ನೀರು ಕಣ್ಣಿನ ಪೊರೆಯಿಂದ ನೀರನ್ನು ಹೊರಗೆಳೆಯುತ್ತದೆ, ಸಿಹಿನೀರು ಒಳಗೆ ನುಗ್ಗುತ್ತದೆ, ಹೀಗಾಗಿ ಎರಡೂ ಉರಿಯುತ್ತವೆ. ರೆಸಾರ್ಟಿನ ಕೊಳ ಕಣ್ಣಿಗೆ ಹಿತವೆನಿಸುವುದು ಅದು ಎರಡರ ನಡುವೆ ಇರುವುದರಿಂದ. ಆ ಅನುಭವವನ್ನು ನೆನೆದು ಹಡಗಿನ ಉಪ್ಪುನೀರಿನ ಕೊಳಕ್ಕೆ ಧುಮುಕಿದರೆ ಬಾಯಿಗೆ ನೇರ ಅರಬ್ಬಿ ಸಮುದ್ರವೇ ಬರುತ್ತದೆ.

ಹಡಗಿನವರು ಕಡಲ ನೀರನ್ನು ಬಳಸಿದ್ದು ಅದು ಸುತ್ತಲೂ ಇದೆ ಎಂಬ ಸರಳ ಕಾರಣಕ್ಕೆ. 10 ಮೀಟರ್ ಉದ್ದ, 5 ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಕೊಳಕ್ಕೆ 75 ಸಾವಿರ ಲೀಟರ್ ಬೇಕು. ಅಷ್ಟು ಸಿಹಿನೀರನ್ನು ಹಡಗಿನಲ್ಲೇ ತಯಾರಿಸಬೇಕೆಂದರೆ ಎಂಜಿನ್ನಿನ ಬಿಸಿಯಿಂದ ಕಡಲ ನೀರನ್ನು ಆವಿಯಾಗಿಸಿ ತಣಿಸಬೇಕು, ಇಲ್ಲವೇ ಆರ್‌ಓ ಪೊರೆಯ ಮೂಲಕ ಒತ್ತಬೇಕು. ನಮ್ಮ ಮನೆಯ ಆರ್‌ಓ ನಲ್ಲಿನೀರಿನ ಜೊತೆ ಹೆಣಗುತ್ತದೆ. ಹಡಗಿನದು 35 ಗ್ರಾಂ ಉಪ್ಪಿನ ಜೊತೆ ಹೆಣಗಬೇಕಾದ್ದರಿಂದ 55–60 ಬಾರ್ ಒತ್ತಡ ಬೇಕಾಗುತ್ತದೆ, ಸಾವಿರ ಲೀಟರಿಗೆ 3–4 ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. ಕೊಳಕ್ಕಿಂತ ಮೊದಲು ಅಡುಗೆಮನೆ, ಬಟ್ಟೆ ಒಗೆಯುವ ವಿಭಾಗ ಮತ್ತು ಸಾವಿರಾರು ಸ್ನಾನದ ಮನೆಗಳು ಆ ನೀರಿಗೆ ಕಾದಿರುತ್ತವೆ.

ಹಾಗಿದ್ದರೂ ಸಿಹಿನೀರಿನ ಕಡೆಗೆ ಒಲಿಯಲು ಬಲವಾದ ಕಾರಣ ಲೋಹ. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದಿರುವುದು ಮೇಲ್ಮೈಯಲ್ಲಿರುವ ಕ್ರೋಮಿಯಂ ಆಕ್ಸೈಡಿನ ಅತಿ ತೆಳುವಾದ ಪದರದಿಂದ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 19 ಗ್ರಾಂ ಕ್ಲೋರೈಡ್ ಇದೆ. ಅದು ಆ ಪದರವನ್ನು ಅಲ್ಲಲ್ಲಿ ಸೂಜಿಮೊನೆಯಷ್ಟು ಜಾಗದಲ್ಲಿ ತೂತು ಮಾಡುತ್ತದೆ. ಏಣಿಯ ಕಾಲು ಹೂತಿರುವಲ್ಲಿ, ಸ್ಕ್ರೂ ತಲೆಯ ಕೆಳಗೆ, ಗ್ಯಾಸ್ಕೆಟ್ಟಿನ ಸಂದಿಯಲ್ಲಿ, ಅಂದರೆ ನೀರು ನಿಂತು ಗಾಳಿಯಾಡದ ಕಡೆ ಮೊದಲು ಕೊರೆತ ಶುರುವಾಗುತ್ತದೆ. ನೀರು ಬಿಸಿಯಿದ್ದು ಕ್ಲೋರಿನ್ನೂ ಇದ್ದರೆ ಕೊರೆತ ಇನ್ನಷ್ಟು ಬೇಗ. 316 ದರ್ಜೆಯ ಒಳ್ಳೆಯ ಸ್ಟೀಲು ಕೂಡ ಇದಕ್ಕೆ ಸೋಲುತ್ತದೆ. ಹಾಗಾಗಿಯೇ ಕಡಲ ನೀರು ಹಾಯುವಲ್ಲಿ ಪ್ಲಾಸ್ಟಿಕ್ ಪೈಪು ಹಾಕುತ್ತಾರೆ, ನೀರು ಬಿಸಿ ಮಾಡುವ ಉಪಕರಣಕ್ಕೆ ಟೈಟಾನಿಯಂ ಫಲಕ ಬಳಸುತ್ತಾರೆ. ಪ್ರಯಾಣಿಕರ ದೂರೂ ಸೇರುತ್ತದೆ: ಮೈ ಒಣಗಿದಾಗ ಉಪ್ಪಿನ ಹರಳು ಚುಚ್ಚುತ್ತದೆ, ಕೂದಲು ಜಡೆಗಟ್ಟುತ್ತದೆ. ಲಾಭವೆಂದರೆ ತೇಲುವುದು ಸುಲಭ. 70 ಕಿಲೋ ತೂಕದವರಿಗೆ ಕಡಲ ನೀರು ಸುಮಾರು ಒಂದೂಮುಕ್ಕಾಲು ಕಿಲೋದಷ್ಟು ಹೆಚ್ಚಿನ ಆಸರೆ ಕೊಡುತ್ತದೆ. ಈಜು ಕಲಿಯುವವರಿಗೆ ಆ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಗುತ್ತದೆ.

ಇನ್ನು ಕ್ಲೋರಿನ್ ವಿಷಯ. ನನಗೆ ಅತ್ಯಂತ ಕುತೂಹಲದ ಭಾಗ ಇದೇ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 65 ಮಿಲಿಗ್ರಾಂ ಬ್ರೋಮೈಡ್ ಇರುತ್ತದೆ. ಆ ನೀರಿಗೆ ಕ್ಲೋರಿನ್ ಹಾಕಿದೊಡನೆ ಅದು ಬ್ರೋಮೈಡನ್ನು ಹೈಪೋಬ್ರೋಮಸ್ ಆಮ್ಲವಾಗಿ ಬದಲಾಯಿಸಿ ತಾನು ಮತ್ತೆ ಕ್ಲೋರೈಡಾಗಿ ಉಪ್ಪಿಗೆ ಸೇರಿಬಿಡುತ್ತದೆ. ಹಾಕಿದ್ದು ಕ್ಲೋರಿನ್, ರೋಗಾಣು ಕೊಲ್ಲುವುದು ಬ್ರೋಮಿನ್! ಇದು ಕೊಳಕ್ಕೆ ಒಳ್ಳೆಯದೇ. ಸಿಹಿನೀರಿಗೆ ಕ್ಲೋರಿನ್ ಹಾಕಿದಾಗ ಕೆಲಸ ಮಾಡುವ ಹೈಪೋಕ್ಲೋರಸ್ ಆಮ್ಲ, ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬ ಅಳತೆ) 7.2ರಲ್ಲಿ ಮೂರರಲ್ಲಿ ಎರಡು ಪಾಲು ಸಕ್ರಿಯವಾಗಿರುತ್ತದೆ. 7.8ಕ್ಕೆ ಏರಿದರೆ ಮೂರರಲ್ಲಿ ಒಂದು ಪಾಲು ಉಳಿಯುತ್ತದೆ, 8.1ರಲ್ಲಿ ಐದರಲ್ಲಿ ಒಂದು. ಸಮುದ್ರದ ಸಹಜ ಪಿಎಚ್ಚೇ ಸುಮಾರು 8.1. ಅಲ್ಲಿ ಹೈಪೋಬ್ರೋಮಸ್ ಆಮ್ಲ ಮುಕ್ಕಾಲು ಪಾಲಿಗಿಂತ ಹೆಚ್ಚು ಸಕ್ರಿಯವಾಗಿಯೇ ಇರುತ್ತದೆ. ಬೆವರು, ಮೂತ್ರದ ಸಾರಜನಕದೊಡನೆ ಕ್ಲೋರಿನ್ ಸೇರಿದಾಗ ಮೂಗಿಗೆ ಹೊಡೆಯುವ, ಕಣ್ಣು ಕೆಂಪಾಗಿಸುವ ಕ್ಲೋರಮೈನ್ ಹುಟ್ಟುತ್ತದೆ. ಬ್ರೋಮಿನ್ನಿನಿಂದ ಹುಟ್ಟುವ ಬ್ರೋಮಮೈನ್‌ಗೆ ಅಷ್ಟು ಘಾಟಿಲ್ಲ, ರೋಗಾಣು ಕೊಲ್ಲುವ ಶಕ್ತಿಯನ್ನೂ ಅದು ಕಳೆದುಕೊಳ್ಳುವುದಿಲ್ಲ. ಕೊರತೆಯೂ ಇದೆ: ಬಿಸಿಲಿಗೆ ಕ್ಲೋರಿನ್ ಆರಿಹೋಗದಂತೆ ಕಾಪಾಡುವ ಸಯನ್ಯೂರಿಕ್ ಆಮ್ಲ ಬ್ರೋಮಿನ್ನಿಗೆ ಆಸರೆಯಾಗುವುದಿಲ್ಲ. ಮೇಲಾಗಿ ಸಿಹಿನೀರಿನಲ್ಲಿ ಕ್ಲೋರೋಫಾರ್ಮ್ ಹುಟ್ಟುವ ಹಾಗೆ ಇಲ್ಲಿ ಬ್ರೋಮೋಫಾರ್ಮ್ ಹುಟ್ಟುತ್ತದೆ. ಮೇಲೆ ಚಾವಣಿ ಇರುವ ಕೊಳಕ್ಕೆ ಗಾಳಿ ಚೆನ್ನಾಗಿ ಆಡುವಂತಿರಬೇಕು.

ಕ್ಲೋರಿನ್ ಅಳೆಯುವ ಕೆಲಸವನ್ನು ಹತ್ತಿರದಿಂದ ನೋಡೋಣ. ನೀರು ಒಳಬರುವ ರಂಧ್ರದಿಂದ ದೂರ ನಿಂತು, ಮೊಣಕೈವರೆಗೆ ಕೈ ಇಳಿಸಿ 10 ಮಿಲಿಲೀಟರ್ ನೀರು ತೆಗೆಯಬೇಕು. ಅದಕ್ಕೆ ಡಿಪಿಡಿ ಎಂಬ, ಕ್ಲೋರಿನ್ ತಗುಲಿದರೆ ಬಣ್ಣ ಬರುವ ರಾಸಾಯನಿಕದ ಒಂದನೇ ನಂಬರಿನ ಮಾತ್ರೆ ಹಾಕಿ ಪುಡಿಮಾಡಿ ಕಲಕಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಗಾಢವಾದಷ್ಟೂ ಕ್ಲೋರಿನ್ ಹೆಚ್ಚು. ಒಂದು ನಿಮಿಷದೊಳಗೆ ಓದಿಬಿಡಬೇಕು, ತಡಮಾಡಿದರೆ ಕ್ಲೋರಮೈನ್ ಆಗಿಹೋದ ಭಾಗವೂ ಬಣ್ಣ ಕೊಡತೊಡಗುತ್ತದೆ. ಬ್ರೋಮಿನ್ ಲೆಕ್ಕ ಬೇಕಿದ್ದರೆ ಕ್ಲೋರಿನ್ ಅಂಕಿಯನ್ನು 2.25ರಿಂದ ಗುಣಿಸಬೇಕು. ಹೊಸಬರು ಮೋಸಹೋಗುವುದು ಒಂದು ಕಡೆ: ಕ್ಲೋರಿನ್ ವಿಪರೀತ ಹೆಚ್ಚಿದ್ದರೆ ಅದು ಬಣ್ಣವನ್ನೇ ಬಿಳಿಚಿಬಿಡುತ್ತದೆ. ಮಾತ್ರೆ ಹಾಕಿದಾಗ ಗುಲಾಬಿ ಮಿಂಚಿ ಮಾಯವಾದರೆ ಕ್ಲೋರಿನ್ ಇಲ್ಲವೆಂದುಕೊಂಡು ಇನ್ನಷ್ಟು ಸುರಿಯಬಾರದು. ಅದೇ ನೀರನ್ನು ಶುದ್ಧ ನೀರಿನಲ್ಲಿ ತೆಳುಮಾಡಿ ಮತ್ತೊಮ್ಮೆ ನೋಡಬೇಕು.

ನೀರು ಸುತ್ತುವ ದಾರಿ ಎರಡು ಬಗೆಯ ಕೊಳಕ್ಕೂ ಒಂದೇ. ಅಂಚಿನಿಂದ ಹೊರಚೆಲ್ಲಿದ್ದು ಸಮತೋಲನದ ಟ್ಯಾಂಕಿಗೆ, ಅಲ್ಲಿಂದ ಕೂದಲು ಹಿಡಿಯುವ ಜಾಲರಿ, ಪಂಪು, ಮರಳಿನ ಫಿಲ್ಟರು, ಬಿಸಿ ಮಾಡುವ ಉಪಕರಣ, ಕೊನೆಗೆ ಕ್ಲೋರಿನ್ ಮತ್ತು ಆಮ್ಲ ಬೆರೆಸುವ ಡೋಸಿಂಗ್ ಪಂಪು, ಮತ್ತೆ ಕೊಳ. ಈಜುಕೊಳದಲ್ಲಿ ಪಿಎಚ್ 7.0ರಿಂದ 7.8, ಕ್ಲೋರಿನ್ 1ರಿಂದ 5 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ) ಇರಬೇಕು. ನಮ್ಮ 75 ಸಾವಿರ ಲೀಟರ್ ಕೊಳದಲ್ಲಿ 2 ಪಿಪಿಎಂ ಏರಿಸಲು 150 ಗ್ರಾಂ ಕ್ಲೋರಿನ್ ಸಾಕು, ಅಂದರೆ ಶೇ 10ರ ಹೈಪೋಕ್ಲೋರೈಟ್ ದ್ರಾವಣ ಒಂದೂವರೆ ಲೀಟರ್. ಮುಖ್ಯ ಪಂಪು ನಿಂತಾಗ ಡೋಸಿಂಗ್ ಪಂಪೂ ತಾನಾಗಿ ನಿಲ್ಲಬೇಕು. ಹಾಗೆ ತಾನಾಗಿ ನಿಲ್ಲಿಸುವ ಬೀಗ (ಇಂಟರ್‌ಲಾಕ್) ಕೆಟ್ಟಿದ್ದರೆ ಹರಿವಿಲ್ಲದ ಪೈಪಿನಲ್ಲಿ ಹೈಪೋಕ್ಲೋರೈಟೂ ಆಮ್ಲವೂ ಸೇರಿ ಕ್ಲೋರಿನ್ ಅನಿಲವಾಗುತ್ತದೆ. ಪಂಪು ಮತ್ತೆ ಶುರುವಾದಾಗ ಅದು ನೇರ ಈಜುವವರ ಮುಖಕ್ಕೆ ಬರುತ್ತದೆ. ಯಂತ್ರದ ಕೋಣೆಯಲ್ಲಿ ಮೊದಲು ಪರೀಕ್ಷಿಸಬೇಕಾದ್ದು ಈ ಬೀಗವನ್ನೇ.

ಸಿಹಿನೀರಿಗೆ ಅದರದೇ ಚಂಚಲತೆ. ಆರ್‌ಓ ನೀರಿನಲ್ಲಿ ಖನಿಜವೇ ಇಲ್ಲದ್ದರಿಂದ ಪಿಎಚ್ಚನ್ನು ಹಿಡಿದಿಡುವ ಶಕ್ತಿಯಿಲ್ಲ. ಸ್ವಲ್ಪ ಆಮ್ಲಕ್ಕೇ ಕುಸಿಯುತ್ತದೆ, ಸ್ವಲ್ಪ ಹೈಪೋಕ್ಲೋರೈಟಿಗೇ ಜಿಗಿಯುತ್ತದೆ. ಅಡುಗೆ ಸೋಡಾ, ಅಂದರೆ ಸೋಡಿಯಂ ಬೈಕಾರ್ಬೊನೇಟ್ ಹಾಕಿ ಅದನ್ನು ನಿಲ್ಲಿಸುತ್ತಾರೆ. ಕ್ಯಾಲ್ಸಿಯಂ ಸೇರಿಸದಿದ್ದರೆ ಹಸಿದ ಆ ನೀರು ಟೈಲ್ಸ್ ಸಂದಿಯ ಸಿಮೆಂಟನ್ನೇ ಕರಗಿಸಿಕೊಳ್ಳುತ್ತದೆ.

ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆ ಹಡಗಿನ ಕೊಳಕ್ಕೆ ಒಪ್ಪದು. 12 ಮೀಟರ್ ಉದ್ದ, ಒಂದೂವರೆ ಮೀಟರ್ ಆಳದ ಕೊಳದ ನೀರು ಒಂದು ತುದಿಯಿಂದ ಇನ್ನೊಂದಕ್ಕೆ ಹೋಗಿ ಮರಳಲು ಸುಮಾರು ಆರೂವರೆ ಸೆಕೆಂಡು. ಅಲೆಗೆ ಹಡಗು ಮುಂದೆ ಹಿಂದೆ ತೂಗುವ ಗತಿ ಇದಕ್ಕೆ ಹೊಂದಿಕೊಂಡರೆ, ಉಯ್ಯಾಲೆಯನ್ನು ತಕ್ಕ ಹೊತ್ತಿಗೆ ನೂಕಿದಂತಾಗಿ ನೀರು ಗೋಡೆಯಂತೆ ಏಳುತ್ತದೆ. ಕಡಲು ಕೆರಳಿದಾಗ ಕೊಳಕ್ಕೆ ಬಲೆ ಹೊದಿಸುವುದು, ಬರಿದು ಮಾಡುವುದು ಇದಕ್ಕೇ. ಎತ್ತರದ ಡೆಕ್ಕಿನಲ್ಲಿ 75 ಟನ್ ನೀರು ಹೊಯ್ದಾಡುವುದು ಹಡಗಿನ ಸ್ಥಿರತೆಗೂ ಒಳ್ಳೆಯದಲ್ಲ.

ಉಪ್ಪು, ಸಿಹಿ ಎಂಬ ಚರ್ಚೆ ಎಷ್ಟೇ ನಡೆದರೂ ನಿಜವಾಗಿ ಕಣ್ಣಿಡಬೇಕಾದ್ದು ಪಕ್ಕದ ಹಾಟ್ ಟಬ್, ಅಂದರೆ ಗುಳ್ಳೆಯೇಳುವ ಬಿಸಿನೀರಿನ ತೊಟ್ಟಿಯ ಮೇಲೆ. 2,000 ಲೀಟರ್ ಟಬ್ಬಿನಲ್ಲಿ ಆರು ಜನ ಕೂತರೆ ತಲೆಗೆ 333 ಲೀಟರ್ ನೀರು. ಈ ಲೆಕ್ಕದಲ್ಲಿ ನಮ್ಮ ಈಜುಕೊಳಕ್ಕೆ 225 ಜನ ಒಟ್ಟಿಗೆ ಇಳಿಯಬೇಕಾದೀತು! ಬಿಸಿಗೆ ಬೆವರು ಹೆಚ್ಚು, ಕ್ಲೋರಿನ್ ಬೇಗ ಮುಗಿಯುತ್ತದೆ. ಗುಳ್ಳೆ ಎಬ್ಬಿಸುವ ಗಾಳಿ ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡನ್ನು ಹೊರಹಾಕುವುದರಿಂದ ಪಿಎಚ್ ಏರುತ್ತದೆ, ಉಳಿದ ಕ್ಲೋರಿನ್ನೂ ಮಂಕಾಗುತ್ತದೆ. ಆದ್ದರಿಂದ ನಿಯಮವೂ ಬಿಗಿ: ಕ್ಲೋರಿನ್ 3ರಿಂದ 10 ಪಿಪಿಎಂ, ಬ್ರೋಮಿನ್ ಆದರೆ 4ರಿಂದ 10. ನೀರಿನ ಬಿಸಿ 40 ಡಿಗ್ರಿ ಸೆಲ್ಸಿಯಸ್ ಮೀರಬಾರದು. ಕೊಳದ ಪೂರ್ತಿ ನೀರು ನಾಲ್ಕು ಗಂಟೆಗೊಮ್ಮೆ ಫಿಲ್ಟರ್ ಹಾದರೆ ಸಾಕು, ಟಬ್ಬಿನದು ಅರ್ಧ ಗಂಟೆಗೊಮ್ಮೆ ಹಾಯಬೇಕು. ದಿನದ ಬಳಕೆ ಮುಗಿದ ಮೇಲೆ 10 ಪಿಪಿಎಂಗೆ ಏರಿಸಿ ಒಂದು ಗಂಟೆ ಸುತ್ತಿಸಬೇಕು. 3ರಿಂದ 10ಕ್ಕೆ ಏರಿಸಲು ಈ ಟಬ್ಬಿಗೆ ಬೇಕಾದ್ದು ಅದೇ ಶೇ 10ರ ದ್ರಾವಣ 140 ಮಿಲಿಲೀಟರ್, ಒಂದು ಸಣ್ಣ ಲೋಟದಷ್ಟು.

ಆ ಒಂದು ಲೋಟವನ್ನು ಮರೆತರೆ ಕಾದು ಕೂತಿರುವುದು ಲೀಜಿಯೋನೆಲ್ಲಾ ಬ್ಯಾಕ್ಟೀರಿಯಾ. ಬೆಚ್ಚಗಿನ ನೀರು ಅದಕ್ಕೆ ತವರು. ಪೈಪಿನ ಒಳಗೋಡೆಯ ಲೋಳೆಯಲ್ಲಿ ಬೆಳೆದು, ಗುಳ್ಳೆ ಒಡೆದಾಗ ಏಳುವ ಸಣ್ಣ ಹನಿಗಳಲ್ಲಿ ಶ್ವಾಸಕೋಶ ಸೇರಿ ನ್ಯುಮೋನಿಯಾ ತರುತ್ತದೆ. 1994ರಲ್ಲಿ ನ್ಯೂಯಾರ್ಕ್–ಬರ್ಮುಡಾ ಮಾರ್ಗದ ಒಂದು ಹಡಗಿನಲ್ಲಿ ಒಂಬತ್ತು ಯಾನಗಳ ಅವಧಿಯಲ್ಲಿ 50 ಪ್ರಯಾಣಿಕರಿಗೆ ಈ ಕಾಯಿಲೆ ತಗುಲಿತು. ಬ್ಯಾಕ್ಟೀರಿಯಾ ಸಿಕ್ಕಿದ್ದು ಟಬ್ಬಿನ ಮರಳಿನ ಫಿಲ್ಟರಿನಲ್ಲಿ. ನೀರಿಗೆ ಇಳಿಯದೆ ಟಬ್ಬಿನ ಸುತ್ತ ಕಾಲ ಕಳೆದವರಿಗೂ ಅಪಾಯ ಹೆಚ್ಚಿತ್ತು ಎಂಬುದು ಆ ತನಿಖೆಯಿಂದ ಗೊತ್ತಾಯಿತು. ಮೈಕೊಳೆಯನ್ನೆಲ್ಲ ಹಿಡಿದಿಡುವ ಮರಳು ಬ್ಯಾಕ್ಟೀರಿಯಾಕ್ಕೆ ಅನ್ನದ ಬಟ್ಟಲೂ ಹೌದು, ಮನೆಯೂ ಹೌದು. ಒತ್ತಡದ ಮಾಪಕ ಏರಿದಾಗ ಹಿಮ್ಮುಖ ಹರಿವಿನಿಂದ ಅದನ್ನು ತೊಳೆಯಬೇಕು, ತೆರೆದು ನೋಡಬೇಕು, ಗಟ್ಟಿಯಾಗಿದ್ದರೆ ಬದಲಿಸಬೇಕು.

ಮೂವತ್ತು ವರ್ಷದ ಬಳಿಕವೂ ಅದೇ ಪಾಠ ಬೇರೆ ವೇಷದಲ್ಲಿ ಬಂತು. 2022ರ ನವೆಂಬರಿನಿಂದ 2024ರ ಜೂನ್ ನಡುವೆ ಎರಡು ಹಡಗುಗಳಲ್ಲಿ 12 ಜನರಿಗೆ ಈ ಸೋಂಕು ತಗುಲಿತು. ಮೂಲ ಹುಡುಕುತ್ತ ಹೋದ ತನಿಖೆ ತಲುಪಿದ್ದು ದುಬಾರಿ ಕೊಠಡಿಗಳ ಬಾಲ್ಕನಿಯ ಖಾಸಗಿ ಟಬ್‌ಗಳಿಗೆ. ಸಾರ್ವಜನಿಕ ಟಬ್‌ಗೆ ಇದ್ದ ಬಿಗಿ ನಿಗಾ ಅವಕ್ಕಿರಲಿಲ್ಲ. ಒಬ್ಬಿಬ್ಬರೇ ಬಳಸುವ ನೀರು ಹೆಚ್ಚು ಶುದ್ಧ ಎಂದು ನಮಗೆಲ್ಲ ಅನಿಸುವುದು ಸಹಜ. ಆದರೆ ಯಾರೂ ಇಳಿಯದೆ ಬೆಚ್ಚಗೆ ನಿಂತ ನೀರೇ ಈ ಬ್ಯಾಕ್ಟೀರಿಯಾಕ್ಕೆ ಬಲು ಇಷ್ಟ. ಆಮೇಲೆ ಬಿಸಿ ಮಾಡುವ ಭಾಗವನ್ನು ತೆಗೆಸಿದರು, ಕೇಳಿದಾಗ ಮಾತ್ರ ನೀರು ತುಂಬಿ ಬಳಸಿದ ಮೇಲೆ ಬರಿದು ಮಾಡುವ ಕ್ರಮ ತಂದರು.

ಇಳಿಯುವ ಮೊದಲು ನೀವೇ ನೋಡಬಹುದಾದ್ದೂ ಇದೆ. ಗುಳ್ಳೆ ನಿಲ್ಲಿಸಿದಾಗ ಟಬ್ಬಿನ ತಳದ ಜಾಲರಿ ಸ್ಪಷ್ಟವಾಗಿ ಕಾಣಬೇಕು, ಅದು ಮುರಿದಿರಬಾರದು. ಗೋಡೆ ಸವರಿದರೆ ಬೆರಳಿಗೆ ಲೋಳೆ ಹತ್ತಬಾರದು. ಕ್ಲೋರಿನ್ ಘಾಟು ಜೋರಾಗಿದ್ದರೆ ಅದು ಶುದ್ಧಿಯ ಗುರುತಲ್ಲ, ಕ್ಲೋರಮೈನ್ ತುಂಬಿದೆ ಎಂದರ್ಥ. ಅಂಗಡಿಯಲ್ಲಿ ಸಿಗುವ ಪರೀಕ್ಷಾ ಪಟ್ಟಿಯೊಂದನ್ನು ಚೀಲದಲ್ಲಿಟ್ಟುಕೊಂಡರೆ ಒಂದು ನಿಮಿಷದಲ್ಲಿ ಪಿಎಚ್ ಮತ್ತು ಕ್ಲೋರಿನ್ ತಿಳಿಯುತ್ತದೆ. ಸಿಬ್ಬಂದಿಯನ್ನು ಕೇಳಿ, ಅಳತೆ ಬರೆದಿಡುವ ಪುಸ್ತಕ ಅವರ ಬಳಿ ಇರುತ್ತದೆ. ಬಿಸಿ ನೀರಿನಲ್ಲಿ ಒಮ್ಮೆಗೆ 15 ನಿಮಿಷ ಸಾಕು. ಐದು ವರ್ಷದೊಳಗಿನ ಮಕ್ಕಳನ್ನು ಇಳಿಸಬೇಡಿ, ಗರ್ಭಿಣಿಯರು ವೈದ್ಯರನ್ನು ಕೇಳದೆ ಇಳಿಯಬೇಡಿ. ಮನೆಗೆ ಮರಳಿ ಎರಡು ವಾರದೊಳಗೆ ಜ್ವರ, ಕೆಮ್ಮು, ಉಸಿರಾಟದ ತೊಂದರೆ ಬಂದರೆ, ಹಡಗಿನಲ್ಲಿ ಹಾಟ್ ಟಬ್ ಬಳಸಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಿ. ಲೀಜಿಯೋನೆಲ್ಲಾ ಪರೀಕ್ಷೆ ಬೇರೆಯದೇ, ನ್ಯುಮೋನಿಯಾಕ್ಕೆ ಸಾಮಾನ್ಯವಾಗಿ ಕೊಡುವ ಕೆಲವು ಆ್ಯಂಟಿಬಯಾಟಿಕ್‌ಗಳು ಇದರ ಮೇಲೆ ನಾಟುವುದಿಲ್ಲ.