‘ಯಾಕೆ’ ಗೊತ್ತಿದ್ದರೆ ಪಟ್ಟಿ ಬೇಡ: ವಿಪತ್ತು ಪಾಠದ ನನ್ನ ಟಿಪ್ಪಣಿ

ನಮ್ಮ ಪೇಪರಿನಲ್ಲಿ ವಿಪತ್ತು ನಿರ್ವಹಣೆಗೆ ಇರುವುದು ಒಂದೇ ಘಟಕ. ‘ಮುನ್ನೆಚ್ಚರಿಕೆ ಕ್ರಮಗಳನ್ನು ಪಟ್ಟಿ ಮಾಡಿ’ ಅಂತ ಪ್ರಶ್ನೆ ಬರುತ್ತದೆ. ಹತ್ತು ಅಂಶ ಬಾಯಿಪಾಠ ಮಾಡಿ ಬರೆದರೆ ಮಾರ್ಕು ಗ್ಯಾರಂಟಿ. ನಾನೂ ಹಾಗೇ ಬರೆದೆ, ಮಾರ್ಕೂ ಬಂತು. ಅದಾಗಿ ಹದಿನೈದು ದಿನಕ್ಕೆ ನಮ್ಮ ಮನೆಯಲ್ಲಿ ಗ್ಯಾಸ್ ಲೀಕ್ ಆಯಿತು. ಹತ್ತರಲ್ಲಿ ಒಂದಂಶವೂ ನೆನಪಿಗೆ ಬರಲಿಲ್ಲ. ಹಾಗಾಗಿ ಈ ಸಲ ಟಿಪ್ಪಣಿಯನ್ನು ಬೇರೆ ತರ ಮಾಡಿಕೊಂಡಿದ್ದೇನೆ. ಏನು ಮಾಡಬೇಕು ಅನ್ನುವುದರ ಪಕ್ಕದಲ್ಲೇ ಯಾಕೆ ಅಂತಲೂ ಬರೆದಿದ್ದೇನೆ.

ಮೊದಲು ಪರೀಕ್ಷೆಗೆ ಬೇಕಾದ್ದು. ಅಪಾಯ ಬೇರೆ, ವಿಪತ್ತು ಬೇರೆ. ಆಗುಂಬೆಯ ಕಾಡಿನಲ್ಲಿ ಒಂದು ದಿನಕ್ಕೆ 200 ಮಿ.ಮೀ. ಮಳೆ ಸುರಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅದೇ ಮಳೆ ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ ಬಿದ್ದರೆ ಅಂಗಡಿಯೊಳಗೆ ನೀರು. ಮಳೆ ಅಪಾಯ. ಜನ, ಮನೆ, ಮುಚ್ಚಿದ ತೋಡು (ಸಣ್ಣ ಹಳ್ಳ) ಅದರ ದಾರಿಯಲ್ಲಿ ಇದ್ದಾಗ ಅದು ವಿಪತ್ತು. ವಿಪತ್ತು ನಿರ್ವಹಣಾ ಕಾಯ್ದೆ ಬಂದದ್ದು 2005ರಲ್ಲಿ. ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು. ಮಳೆಗೆ ಶಾಲೆಗಳಿಗೆ ರಜೆ ಕೊಡುವವರೂ ಅವರೇ ಅಂತ ನೆನಪಿಟ್ಟುಕೊಂಡರೆ ಈ ಉತ್ತರ ಮರೆಯುವುದಿಲ್ಲ. (ರಜೆ ಕೊಟ್ಟದ್ದು ಮನೆಯಲ್ಲಿರಲಿಕ್ಕೆ. ತೋಡಿಗೆ ಗಾಳ ಹಾಕಲಿಕ್ಕೆ ಅಲ್ಲ.)

ಗ್ಯಾಸ್ ವಾಸನೆ ಬಂದರೆ

ಅವತ್ತು ಬೆಳಿಗ್ಗೆ ಐದೂವರೆ. ಅಡುಗೆಮನೆ ಬಾಗಿಲು ತೆಗೆದದ್ದೇ ವಾಸನೆ ಮುಖಕ್ಕೆ ಹೊಡೆಯಿತು. ಗಾಳಿ ಹೊರಗೆ ಹೋಗಲಿ ಅಂತ ಎಕ್ಸಾಸ್ಟ್ ಫ್ಯಾನಿನ ಸ್ವಿಚ್ಚಿಗೆ ಕೈ ಚಾಚಿದೆ. ಜಗಲಿಯಲ್ಲಿ ಕೂತಿದ್ದ ಅಜ್ಜಿ ‘ಸ್ವಿಚ್ ಮುಟ್ಬೇಡ ಮಾರಾಯ್ತಿ!’ ಅಂತ ಕೂಗಿದರು. ಅಜ್ಜಿ ಓದಿದ್ದು ಐದನೇ ಕ್ಲಾಸು. ಮಾರ್ಕು ಬಂದದ್ದು ನನಗೆ.

ಈಗ ಕಾರಣ ನೋಡಿ. ಅಡುಗೆ ಗ್ಯಾಸಿಗೆ ಸ್ವಂತ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಅಂತಲೇ ಮರ್ಕ್ಯಾಪ್ಟಾನ್ ಎಂಬ ನಾರುವ ರಾಸಾಯನಿಕ ಬೆರೆಸುತ್ತಾರೆ. ಗ್ಯಾಸ್ ಗಾಳಿಗಿಂತ ಭಾರ. ಮೇಲೆ ಹೋಗುವುದಿಲ್ಲ, ನೀರು ಚೆಲ್ಲಿದ ಹಾಗೆ ನೆಲದ ಮೇಲೆ ಹರಡುತ್ತದೆ. ಹಾಗಾಗಿ ಬರೀ ಕಿಟಕಿ ತೆಗೆದರೆ ಸಾಲದು. ನೆಲಮಟ್ಟದ ದಾರಿ ಬಾಗಿಲು, ಅದನ್ನು ಪೂರ್ತಿ ತೆಗೆಯಬೇಕು. ಗಾಳಿಯಲ್ಲಿ ಗ್ಯಾಸ್ ಸುಮಾರು ನೂರಕ್ಕೆ 2 ಭಾಗದಿಂದ 9 ಭಾಗದವರೆಗೆ ಬೆರೆತಿದ್ದರೆ ಒಂದು ಕಿಡಿಗೇ ಹೊತ್ತಿಕೊಳ್ಳುತ್ತದೆ. ಸ್ವಿಚ್ ಹಾಕುವಾಗಲೂ ಕಿಡಿ ಹಾರುತ್ತದೆ, ಆರಿಸುವಾಗಲೂ ಹಾರುತ್ತದೆ. ಅದಕ್ಕೇ ಉರಿಯುತ್ತಿರುವ ಲೈಟನ್ನು ಆಫ್ ಮಾಡಲೂಬಾರದು. ಇದನ್ನು ಹೆಚ್ಚಿನವರು ತಪ್ಪಾಗಿ ಬರೆಯುತ್ತಾರೆ. ಅಡುಗೆಮನೆಯಲ್ಲೇ ಫ್ರಿಜ್ ಇದ್ದರೆ ಅದು ತನ್ನಷ್ಟಕ್ಕೆ ಆನ್-ಆಫ್ ಆಗುತ್ತಿರುತ್ತದೆ. ಹಾಗಾಗಿ ಅಲ್ಲಿ ನಿಂತು ಯೋಚನೆ ಮಾಡುವ ಹಾಗಿಲ್ಲ.

ಇಷ್ಟು ಗೊತ್ತಿದ್ದರೆ ಕ್ರಮ ತಾನಾಗಿ ಬರುತ್ತದೆ. ರೆಗ್ಯುಲೇಟರ್ ಬಂದ್, ಬಾಗಿಲು ಕಿಟಕಿ ತೆರೆ, ಎಲ್ಲರೂ ಅಂಗಳಕ್ಕೆ, ಅಲ್ಲಿಂದ ಗ್ಯಾಸ್ ಲೀಕ್ ಸಹಾಯವಾಣಿ 1906ಕ್ಕೆ ಫೋನು. ಮನೆಯೊಳಗಿಂದ ಫೋನ್ ಮಾಡಬೇಡಿ. ದೇವರ ದೀಪ ಉರಿಯುತ್ತಿದೆಯಾ ಅಂತಲೂ ನೋಡಿಕೊಳ್ಳಿ. ನಮ್ಮಲ್ಲಿ ಬೆಳಿಗ್ಗೆ ಬೇಗ ದೀಪ ಹಚ್ಚುವ ಮನೆಗಳು ಜಾಸ್ತಿ.

ನಮ್ಮ ಮನೆಯಲ್ಲಿ ಸೋರಿದ್ದು ಹಳೇ ರಬ್ಬರ್ ಪೈಪಿನಿಂದ. ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಸಿಲಿಂಡರಿಗೂ ತಪಾಸಣೆಯ ಗಡುವು ಇದೆ. ಹಿಡಿಯ ಕೆಳಗಿನ ಪಟ್ಟಿಯ ಒಳಬದಿಯಲ್ಲಿ ‘ಬಿ’ ಅಕ್ಷರ, ಮುಂದೆ 27 ಅಂತ ಇದ್ದರೆ 2027ರ ಏಪ್ರಿಲ್‌ನಿಂದ ಜೂನ್‌ ಒಳಗೆ ಮರುತಪಾಸಣೆ ಆಗಬೇಕು ಎಂದರ್ಥ. ಎ ಅಂದರೆ ವರ್ಷದ ಮೊದಲ ಮೂರು ತಿಂಗಳು, ಹೀಗೇ ಡಿ ತನಕ. ಗಡುವು ಮುಗಿದದ್ದು ಬಂದರೆ ವಾಪಸ್ ಕೊಡಿ. ಲೀಕ್ ಇದೆಯಾ ನೋಡಲು ಸೋಪಿನ ನೊರೆ ಹಚ್ಚಿ, ಗುಳ್ಳೆ ಬರುತ್ತದಾ ನೋಡಿ. ಬೆಂಕಿಕಡ್ಡಿ ಗೀರಿ ನೋಡುವವರು ಈಗಲೂ ಇದ್ದಾರೆ, ನಂಬಿ.

ಬಾಣಲೆಯ ಎಣ್ಣೆಗೆ ಬೆಂಕಿ ಹಿಡಿದರೆ ನೀರು ಹಾಕಬಾರದು. ನೀರು ಎಣ್ಣೆಗಿಂತ ಭಾರ. ಕೆಳಗಿಳಿದು ಆ ಬಿಸಿಗೆ ಒಮ್ಮೆಲೇ ಆವಿಯಾಗಿ ಉರಿಯುವ ಎಣ್ಣೆಯನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಒಲೆ ಆರಿಸಿ, ಪಕ್ಕದಿಂದ ತಟ್ಟೆ ಸರಿಸಿ ಮುಚ್ಚಿ, ಪೂರ್ತಿ ತಣಿಯುವ ತನಕ ತೆಗೆಯಬೇಡಿ. ಸುಟ್ಟ ಗಾಯಕ್ಕೆ 20 ನಿಮಿಷ ನಲ್ಲಿ ನೀರು. ಟೂತ್‌ಪೇಸ್ಟ್, ಕಾಫಿಪುಡಿ, ಐಸ್ ಯಾವುದೂ ಬೇಡ.

ಹಳದಿ, ಕಿತ್ತಳೆ, ಕೆಂಪು

ಹವಾಮಾನ ಇಲಾಖೆಯ ಬಣ್ಣಗಳನ್ನು ನಾವು ‘ನಾಳೆ ರಜೆ ಉಂಟಾ’ ಅಂತ ತಿಳಿಯಲು ಮಾತ್ರ ನೋಡುತ್ತೇವೆ, ಅಲ್ವಾ? ಅದರ ಹಿಂದಿನ ಅಂಕೆ ಇದು: 24 ಗಂಟೆಯಲ್ಲಿ 64.5 ಮಿ.ಮೀ.ಯಿಂದ ಭಾರಿ ಮಳೆ, 115.6ರಿಂದ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ. ಸಾಮಾನ್ಯವಾಗಿ ಹಳದಿ, ಕಿತ್ತಳೆ, ಕೆಂಪು ಈ ಮೂರಕ್ಕೆ ಹೊಂದುತ್ತವೆ. ಆದರೆ ಬಣ್ಣ ಬರೀ ಮಳೆಯ ಅಳತೆಯಲ್ಲ. ಆ ಮಳೆಯಿಂದ ಏನಾಗಬಹುದು ಎಂಬ ಅಂದಾಜೂ ಅದರಲ್ಲಿ ಸೇರಿದೆ. ಹಳದಿ ಅಂದರೆ ಗಮನ ಇರಲಿ. ಕಿತ್ತಳೆ ಅಂದರೆ ತಯಾರಾಗಿ. ಕೆಂಪು ಅಂದರೆ ಈಗಲೇ ಹೆಜ್ಜೆ ಹಾಕಿ.

204 ಮಿ.ಮೀ. ಅಂದರೆ ಎಷ್ಟು? ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿ.ಮೀ. ಮಳೆ ಅಂದರೆ ಒಂದು ಲೀಟರ್ ನೀರು. ಸಾವಿರ ಚದರಡಿಯ ಮಾಡು (ಛಾವಣಿ) ಸುಮಾರು 93 ಚದರ ಮೀಟರ್. ಗುಣಿಸಿ: 19,000 ಲೀಟರ್. ನಿಮ್ಮ ಒಂದು ಮನೆಯ ಮಾಡಿನಿಂದ ಒಂದೇ ದಿನದಲ್ಲಿ ಸಾವಿರ ಲೀಟರಿನ 19 ಟ್ಯಾಂಕ್ ನೀರು ಇಳಿಯುತ್ತದೆ. ಅಷ್ಟೂ ಎಲ್ಲಿಗೆ ಹೋಗಬೇಕು? ತೋಡಿಗೆ. ತೋಡಿನಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ. ಆ ಹೊತ್ತಿಗೆ ಕಡಲಿನಲ್ಲಿ ಉಬ್ಬರ ಇದ್ದರೆ ಹೊಳೆ ನೀರು ಹೊರಗೆ ಹೋಗದೆ ಹಿಂದೆ ನಿಲ್ಲುತ್ತದೆ. ಹಾಗಾಗಿ ಕರಾವಳಿಯಲ್ಲಿ ಮಳೆಯ ಜೊತೆ ಉಬ್ಬರದ ಸಮಯವನ್ನೂ ನೋಡಬೇಕು. ಪಾಠದಲ್ಲಿ ಇದಿಲ್ಲ, ನಮ್ಮೂರಿಗೆ ಮಾತ್ರ ಇದು ಬೇಕೇ ಬೇಕು.

ನೀರು ಒಳಗೆ ಬಂದ ರಾತ್ರಿ

2020ರ ಸೆಪ್ಟೆಂಬರ್ 19ರ ರಾತ್ರಿ ಉಡುಪಿಯಲ್ಲಿ ಸುರಿದ ಮಳೆಯನ್ನು ಇಲ್ಲಿಯವರು ಮರೆತಿಲ್ಲ. ಬೆಳಗಾಗುವಷ್ಟರಲ್ಲಿ ಸ್ವರ್ಣಾ ನದಿ ದಡ ಮೀರಿತ್ತು, ಜನರನ್ನು ದೋಣಿಯಲ್ಲಿ ಸಾಗಿಸಬೇಕಾಯಿತು. ನಮ್ಮ ಮನೆ ಇರುವುದು ಕಲ್ಯಾಣಪುರದ ಕಡೆ. ಅಂಗಳದಲ್ಲಿ ನೀರು ತುಳಸಿಕಟ್ಟೆಯ ಎರಡನೇ ಮೆಟ್ಟಿಲು ಮುಟ್ಟಿದಾಗ ಅಪ್ಪ ಮೇನ್ ಸ್ವಿಚ್ ಆಫ್ ಮಾಡಿದರು. ‘ಇನ್ನು ಕರೆಂಟಿನ ಭಯ ಇಲ್ಲ’ ಅಂದುಕೊಂಡೆವು. ಸ್ವಲ್ಪ ಹೊತ್ತಿಗೆ ನೋಡಿದರೆ ನಡುಕೋಣೆಯ ಬಲ್ಬು ಆರಾಮವಾಗಿ ಉರಿಯುತ್ತಿದೆ! ಇನ್ವರ್ಟರ್.

ಇದನ್ನು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ. ಮೇನ್ ಆಫ್ ಮಾಡಿದರೆ ನಿಲ್ಲುವುದು ಹೊರಗಿನಿಂದ ಬರುವ ಕರೆಂಟು ಮಾತ್ರ. ಇನ್ವರ್ಟರ್ ಬ್ಯಾಟರಿಯಿಂದ 230 ವೋಲ್ಟ್ ಕೊಡುತ್ತಲೇ ಇರುತ್ತದೆ. ಅದನ್ನು ಬೇರೆಯಾಗಿ ಬಂದ್ ಮಾಡಬೇಕು. ಎರಡನ್ನೂ ನೀರು ಬರುವ ಮೊದಲೇ, ಒಣ ನೆಲದಲ್ಲಿ ನಿಂತು ಮಾಡಬೇಕು. ಕಾಲು ನೀರಿನಲ್ಲಿದ್ದರೆ ಬೋರ್ಡ್ ಮುಟ್ಟಬೇಡಿ, ಹೊರಗೆ ಹೋಗಿ.

ಇನ್ನೊಂದು, ಗ್ಯಾಸ್ ಸಿಲಿಂಡರ್ ನೀರಿನಲ್ಲಿ ತೇಲುತ್ತದೆ. ಖಾಲಿಯದ್ದು ಮಾತ್ರ ಅಂತ ನಾನು ತಿಳಿದಿದ್ದೆ. ಲೆಕ್ಕ ಮಾಡಿ ನೋಡಿ. ಒಳಗಿನ ಜಾಗ 33.3 ಲೀಟರ್. ಉಕ್ಕಿನ ದಪ್ಪ ಸೇರಿಸಿದರೆ ಸಿಲಿಂಡರ್ ಪಕ್ಕಕ್ಕೆ ಸರಿಸುವ ನೀರು ಸುಮಾರು 35 ಲೀಟರ್, ಅಂದರೆ 35 ಕೆ.ಜಿ. ತುಂಬಿದ ಸಿಲಿಂಡರಿನ ತೂಕವೋ, 14.2 ಕೆ.ಜಿ. ಗ್ಯಾಸ್, ಹದಿನೈದು ಹದಿನಾರು ಕೆ.ಜಿ. ಕಬ್ಬಿಣ, ಒಟ್ಟು 30ರ ಆಸುಪಾಸು. ತುಂಬಿದ್ದೂ ತೇಲಲೇಬೇಕು. ತೇಲಿದರೆ ಪೈಪು ಕಿತ್ತು ಬರುತ್ತದೆ. ಹಾಗಾಗಿ ನೀರು ಏರುವ ಸೂಚನೆ ಕಂಡರೆ ರೆಗ್ಯುಲೇಟರ್ ತೆಗೆದು, ಮುಚ್ಚಳ ಹಾಕಿ, ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಹಗ್ಗದಲ್ಲಿ ಕಟ್ಟಿ.

ಅವತ್ತು ಅಜ್ಜಿ ಒಂದು ಚೀಲ ಹಿಡಿದು ತಯಾರಾಗಿ ಕೂತಿದ್ದರು. ಪಹಣಿ, ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ, ಒಂದು ವಾರದ ಬಿಪಿ ಮಾತ್ರೆ, ಟಾರ್ಚು, ಅವಲಕ್ಕಿ, ಬೆಲ್ಲ. ಬೇಯಿಸದೆ ತಿನ್ನಬಹುದಾದ್ದು ಅವಲಕ್ಕಿ, ಅಕ್ಕಿ ಅಲ್ಲ ಅಂತ ಅವರ ವಾದ. ಈಗ ನಾವು ಅದಕ್ಕೆ ಪವರ್ ಬ್ಯಾಂಕ್, ಒಆರ್‌ಎಸ್ ಪೊಟ್ಟಣ, ಒಂದು ಪೀಪಿ ಸೇರಿಸಿದ್ದೇವೆ. ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ 24-25ಕ್ಕೆ, ಚೀಲ ಬಿಚ್ಚಿ ಮಾತ್ರೆಯ ತಾರೀಕು ನೋಡಿ ಮತ್ತೆ ಕಟ್ಟುತ್ತೇವೆ.

ಹರಿಯುವ ನೀರಿಗೆ ಇಳಿಯಬೇಡಿ. ಅರ್ಧ ಅಡಿ ಸಾಕು ಕಾಲು ತಪ್ಪಿಸಲು, ಎರಡಡಿ ಸಾಕು ಕಾರು ಎತ್ತಿಕೊಂಡು ಹೋಗಲು. ಮಂಗಳೂರಿನ ರಸ್ತೆಯಾದರೆ ನೀರಿನ ಅಡಿಯಲ್ಲಿ ಚರಂಡಿಯ ಸ್ಲ್ಯಾಬ್ ಇದೆಯೋ ಇಲ್ಲವೋ ದೇವರೇ ಬಲ್ಲ. ನಿಂತ ನೀರನ್ನು ದಾಟಲೇಬೇಕಾದರೆ ಕೋಲಿನಿಂದ ಮುಂದಿನ ಹೆಜ್ಜೆ ತಡವಿ ನೋಡಿ. ವಯರ್ ತುಂಡಾಗಿ ಬಿದ್ದಿದ್ದರೆ ಹತ್ತಿರ ಹೋಗದೆ ಕರೆಂಟಿನ ದೂರಿನ ನಂಬರ್ 1912ಕ್ಕೆ ಹೇಳಿ, ಇತರರನ್ನೂ ತಡೆದು ನಿಲ್ಲಿಸಿ.

ಧರೆ

ನಮ್ಮ ಕಡೆ ಮಳೆಗಾಲದಲ್ಲಿ ಹೊಳೆಯಷ್ಟೇ ಹೆದರಬೇಕಾದದ್ದು ಮನೆಯ ಹಿಂದಿನ ಧರೆಗೆ, ಅಂದರೆ ಗುಡ್ಡ ಕಡಿದಾಗ ನೆಟ್ಟಗೆ ನಿಲ್ಲುವ ಮಣ್ಣಿನ ಗೋಡೆಗೆ. ಮೇಲೆ ಮುರಕಲ್ಲು (ಜಂಬಿಟ್ಟಿಗೆ), ಗಟ್ಟಿ. ಅದರ ಕೆಳಗೆ ಶೇಡಿ ಮಣ್ಣು: ಬಿಳಿ, ಹಳದಿ, ಗುಲಾಬಿ ಬಣ್ಣದ ನಯವಾದ ಮಣ್ಣು. ಬೇಸಿಗೆಯಲ್ಲಿ ಗುದ್ದಲಿಗೂ ಜಗ್ಗುವುದಿಲ್ಲ. ನೀರು ಕುಡಿದರೆ ಕೈಯಲ್ಲಿ ಹಿಟ್ಟಿನ ಹಾಗೆ ಕರಗುತ್ತದೆ. ನಾವು ಗುಡ್ಡವನ್ನು ನೆಟ್ಟಗೆ ಕಡಿದು ಸೈಟು ಮಾಡಿದಾಗ ಈ ಶೇಡಿ ಹೊರಗೆ ಕಾಣುತ್ತದೆ. ಮಳೆಗೆ ಅದು ತೊಳೆದುಹೋದರೆ ಮೇಲಿನ ಮುರಕಲ್ಲು ಒಂದೇ ತುಂಡಾಗಿ ಕೆಳಗೆ ಬರುತ್ತದೆ. ಏಪ್ರಿಲ್‌ನಲ್ಲಿ ನೋಡಿ ‘ಕಲ್ಲಿನ ಹಾಗೆ ಉಂಟು’ ಅಂತ ಸೈಟು ತೆಗೆದುಕೊಳ್ಳುವವರು ಮೋಸ ಹೋಗುವುದು ಇಲ್ಲಿಯೇ.

ಕಾಂಪೌಂಡ್ ಗೋಡೆಯದ್ದೂ ಅದೇ ಕಥೆ. 2024ರ ಜೂನ್‌ನಲ್ಲಿ ಉಳ್ಳಾಲದ ಬಳಿ ಪಕ್ಕದ ಜಾಗದ ಗೋಡೆ ಮನೆ ಮೇಲೆ ಬಿದ್ದು ಒಂದೇ ಮನೆಯ ನಾಲ್ವರು ತೀರಿಕೊಂಡರು. ಗೋಡೆಯ ಹಿಂದೆ ನಿಂತ ನೀರಿಗೆ ಹೊರಬರುವ ತೂತು ಇಲ್ಲದಿದ್ದರೆ, ಆ ನೀರಿನ ಒತ್ತಡವನ್ನೆಲ್ಲ ಗೋಡೆಯೇ ತಡೆಯಬೇಕು. ಮಳೆ ಸುರಿಯುವಾಗ ಒಂದು ಸುತ್ತು ಹೋಗಿ, ಆ ತೂತುಗಳಿಂದ ನೀರು ಬರುತ್ತಿದೆಯಾ ನೋಡಿ. ಬರುತ್ತಿದ್ದರೆ ಒಳ್ಳೆಯದು. ನಿಂತುಹೋದರೆ ಕಸ ಕಟ್ಟಿದೆ.

ಕುಸಿಯುವ ಮೊದಲು ಗುಡ್ಡ ಕೆಲವೊಮ್ಮೆ ಸೂಚನೆ ಕೊಡುತ್ತದೆ. ನೆಲದಲ್ಲಿ ಹೊಸ ಬಿರುಕು, ಓರೆಯಾದ ಮರ, ಒರತೆಯ ತಿಳಿನೀರು ಇದ್ದಕ್ಕಿದ್ದಂತೆ ಕೆಂಪಾಗುವುದು, ನಿನ್ನೆ ಸರಿಯಿದ್ದ ಬಾಗಿಲು ಇವತ್ತು ಸಿಕ್ಕಿಕೊಳ್ಳುವುದು. ಒಂದು ಕಂಡರೂ ಆ ರಾತ್ರಿ ಆ ಮನೆಯಲ್ಲಿ ಮಲಗಬೇಡಿ. ಕೆಂಪು ಅಲರ್ಟ್ ಇದ್ದಾಗ ಧರೆಯ ಬದಿಯ ಕೋಣೆ ಬಿಟ್ಟು ಎದುರು ಕೋಣೆಯಲ್ಲಿ ಮಲಗುವುದಕ್ಕೆ ಖರ್ಚೇನೂ ಇಲ್ಲ. ಜಿಲ್ಲಾ ಕಂಟ್ರೋಲ್ ರೂಮಿನ ನಂಬರ್ 1077, ಯಾವುದೇ ತುರ್ತಿಗೆ 112.

ಉಳಿದವು, ಚುಟುಕಾಗಿ

ಸಿಡಿಲು: ಮಿಂಚು ಕಂಡ ಮೇಲೆ ಎಣಿಸಿ. ಗುಡುಗು ಕೇಳುವ ತನಕ ಕಳೆದ ಪ್ರತಿ ಮೂರು ಸೆಕೆಂಡಿಗೆ ಸಿಡಿಲು ಒಂದು ಕಿ.ಮೀ. ದೂರ. ಮೂವತ್ತು ಸೆಕೆಂಡಿನೊಳಗೆ ಕೇಳಿದರೆ ಒಳಗೆ ಹೋಗಿ. ಕೊನೆಯ ಗುಡುಗಿನ ನಂತರವೂ ಅರ್ಧ ಗಂಟೆ ಹೊರಬರಬೇಡಿ. ತೆಂಗಿನ ಮರದ ಬುಡ ಆಸರೆಯಲ್ಲ. ಬಾವಿಕಟ್ಟೆ, ನಲ್ಲಿ, ಕಬ್ಬಿಣದ ಬಟ್ಟೆ ತಂತಿಯಿಂದ ದೂರ. ‘ದಾಮಿನಿ’ ಆ್ಯಪ್ ಹತ್ತಿರದ ಸಿಡಿಲಿನ ಸೂಚನೆ ಕೊಡುತ್ತದೆ.

ಕಡಲು: ಮಲ್ಪೆ, ಪಣಂಬೂರಿನಲ್ಲಿ ನೀರು ಒಳಗೆ ಎಳೆದರೆ ದಡಕ್ಕೆ ನೇರ ಈಜಬೇಡಿ, ಸುಸ್ತಾಗುತ್ತೀರಿ. ಆ ಸೆಳೆತ ಅಗಲ ಕಮ್ಮಿ. ದಡಕ್ಕೆ ಸಮವಾಗಿ ಪಕ್ಕಕ್ಕೆ ಈಜಿ ಅದರಿಂದ ಹೊರಬಂದು ಆಮೇಲೆ ದಡಕ್ಕೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳೇ ಕಡಲಿಗಿಳಿಯುವುದಿಲ್ಲ. ನಮಗೇನು ಅವಸರ?

ಭೂಕಂಪ: 2022ರ ಜೂನ್‌ನಲ್ಲಿ ಸುಳ್ಯದ ಕಡೆ ಸಣ್ಣಗೆ ನಡುಗಿತ್ತು. ಮೇಜಿನಡಿ ಕೂತು ತಲೆ ಕಾಪಾಡಿಕೊಳ್ಳಿ. ನಡುಗುತ್ತಿರುವಾಗ ಓಡಬೇಡಿ, ಹಂಚು ಬೀಳುವುದು ಹೊಸ್ತಿಲಿನ ಹೊರಗೇ.

ನೀರಿಳಿದ ಮೇಲೆ ಬಾವಿ

ಇದು ನೆರೆಯ ನಂತರದ ಭಾಗ, ಪ್ರಶ್ನೆ ಬರುವುದು ಕಮ್ಮಿ, ಕೆಲಸಕ್ಕೆ ಬರುವುದು ಜಾಸ್ತಿ. ಕೆಸರಿನಲ್ಲಿ ಬರಿಗಾಲಲ್ಲಿ ನಡೆಯಬೇಡಿ. ಇಲಿಯ ಮೂತ್ರ ಬೆರೆತ ನೀರು ಗಾಯಕ್ಕೆ ತಾಗಿದರೆ ಇಲಿ ಜ್ವರ. ಆಮೇಲೆ ಜ್ವರ, ಮೈಕೈ ನೋವು ಬಂದರೆ ನೀರಿನಲ್ಲಿ ಓಡಾಡಿದ್ದನ್ನು ಡಾಕ್ಟರಿಗೆ ಹೇಳಿ.

ಬಾವಿಗೆ ಬ್ಲೀಚಿಂಗ್ ಪೌಡರ್ ಲೆಕ್ಕ: ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ. ನಮ್ಮ ಬಾವಿಯ ಅಗಲ 3 ಮೀಟರ್, ನೀರು 4 ಮೀಟರ್. 3.14 × 1.5 × 1.5 × 4 = 28 ಘನ ಮೀಟರ್ ಚಿಲ್ಲರೆ, ಅಂದರೆ 28,000 ಲೀಟರ್. ಪೌಡರ್ 70 ಗ್ರಾಂ. ನೇರ ಎಸೆಯಬಾರದು. ಬಕೆಟಿನಲ್ಲಿ ಕಲಸಿ, ನೀರು ಹಾಕಿ ಕದಡಿ, ಹತ್ತು ನಿಮಿಷ ಬಿಟ್ಟು ಮೇಲಿನ ತಿಳಿ ಮಾತ್ರ ಬೇರೆ ಕೊಡಪಾನಕ್ಕೆ ಬಗ್ಗಿಸಿ, ಅದನ್ನು ಬಾವಿಯೊಳಗೆ ಇಳಿಸಿ ಮೇಲೆ ಕೆಳಗೆ ಆಡಿಸಬೇಕು. ಕಡಿಮೆಯೆಂದರೆ ಒಂದು ಗಂಟೆ ನೀರು ಸೇದಬಾರದು. ನೆರೆ ನುಗ್ಗಿದ ಬಾವಿಯಾದರೆ ಕೊಳೆಯೇ ಕ್ಲೋರಿನ್ ತಿನ್ನುವುದರಿಂದ ಇನ್ನೂ ಜಾಸ್ತಿ ಬೇಕು. ಎಷ್ಟು ಅಂತ ಆರೋಗ್ಯ ಕೇಂದ್ರದವರನ್ನು ಕೇಳಿ, ಕುಡಿಯುವುದನ್ನು ಕುದಿಸಿಯೇ ಕುಡಿಯಿರಿ.

ಈ ವರ್ಷ ನಾನು ಮೊಬೈಲ್‌ನಲ್ಲಿ ಲೆಕ್ಕ ಹಾಕಿ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ 70 ಗ್ರಾಂ ತೂಗಿಸಿ ತಂದೆ. ಗ್ಯಾಸಿನ ದಿನದ ಸೋಲು ತೀರಿಸಿಕೊಳ್ಳುವ ಆಸೆ. ಅಜ್ಜಿ ಪೊಟ್ಟಣ ನೋಡಿ ‘ಇಷ್ಟೇಯಾ?’ ಅಂದರು, ನಾನು ಅತ್ತ ತಿರುಗಿದಾಗ ಇನ್ನೊಂದು ಹಿಡಿ ಸೇರಿಸಿದರು. ಮೂರು ದಿನ ನಮ್ಮ ಮನೆಯ ಚಾ ಈಜುಕೊಳದ ಹಾಗೆ ಪರಿಮಳ ಬರುತ್ತಿತ್ತು. ಅಜ್ಜಿ ಮಾತ್ರ ಎರಡೆರಡು ಲೋಟ ಕುಡಿದರು, ಒಪ್ಪಿಕೊಳ್ಳಲಿಲ್ಲ.